ಕಾಗದದ ಕಟ್ಟೆ

ಫ್ಯಾನಿನ ಗಾಳಿಗೆ ಸೋಮೇಶ್ವರ ಗುಡಿಯ ಶಿಖರ ಸಣ್ಣಗೆ ನಡುಗುತ್ತಿದೆ, ಯಾರಾದರೂ ಆ ಫ್ಯಾನು ಆರಿಸಬಾರದೇ, ಇಡೀ ಊರೇ ಕಾಗದದ್ದು, ಗುಡಿಯೂ ಕಾಗದ, ಬಸದಿಯೂ ಕಾಗದ, ಕಾಳಿನ ಅಂಗಡಿಗಳ ಮುಂದೆ ಒರಗಿಸಿದ ಚೀಲಗಳೂ ಕಾಗದ, ಹೆಬ್ಬೆರಳಿನಷ್ಟು ಚೀಲಕ್ಕೆ ಬಾಯಿ ಬೇರೆ ಮಡಚಿದ್ದಾಳೆ ಹುಡುಗಿ — ನಮ್ಮ ಲಕ್ಷ್ಮೇಶ್ವರ, ಎರಡು ಮೇಜು ಜೋಡಿಸಿದಷ್ಟು ಅಗಲದ ಲಕ್ಷ್ಮೇಶ್ವರ, ಗದಗಿನ ಈ ಸಭಾಂಗಣದ ನಡುವೆ ಕೂತಿದೆ, ನಾಲ್ಕು ಗಂಟೆಗೆ ಉದ್ಘಾಟನೆ, ಈಗ ಮೂರೂಕಾಲು, ಮತ್ತು ಈ ವಾಸನೆ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂಗಿಗೆ ಬಡಿದದ್ದು, ಮೈದಾ ಕುದಿಸಿ ಚಿಟಿಕೆ ಮೈಲುತುತ್ತ ಹಾಕಿದ ಅಂಟಿನ ವಾಸನೆ, ಹುಳ ಹತ್ತಬಾರದೆಂದು ನಮ್ಮಪ್ಪ, ಅಬ್ಬಾ, ಹಾಕುತ್ತಿದ್ದ, ನನ್ನ ಮಗಳು ರುಹಿಗೆ ಇದನ್ನು ನಾನು ಹೇಳಿಕೊಟ್ಟಿಲ್ಲ, ಊರಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಗುರುಸಿದ್ದವ್ವ ಹೇಳಿರಬೇಕು, ಎಲ್ಲವನ್ನೂ ಅವಳೇ ಹೇಳಿದ್ದಾಳೆ, ಎಂಟು ತಿಂಗಳು ಈ ಹುಡುಗಿ ಪ್ರತಿ ಆದಿತ್ಯವಾರ ಬೆಟಗೇರಿಯ ನಮ್ಮ ಮನೆಯಿಂದ ಬಸ್ಸು ಹತ್ತಿ ಹೋಗಿ ಆ ಮುದುಕಿಯ ಮುಂದೆ ಕೂತು ಊರನ್ನು ಕೇಳಿಸಿಕೊಂಡು ಬಂದಳು, ಆಗ ನಾನು ಏನಂದೆ, ಹೋಗವ್ವಾ ಹೋಗು, ಹಳೇ ಮಂದಿ, ಅವರ ಬಾಯಾಗ ಖರೆ ಐತಿ ಅಂದೆ, ಏನು ಧಾರಾಳ, ನಾಚಿಕೆ ಬಿಟ್ಟವನಿಗೆ ಧಾರಾಳಕ್ಕೇನು ಕಡಿಮೆ.

ಪಪ್ಪಾ, ಅಲ್ಲೇನ್ ನೋಡಕೋತ ನಿಂತಿ, ನಮ್ಮ ಓಣಿ ಈ ಕಡಿ ಐತಿ ಬಾ — ರುಹಿ ತೋಳು ಹಿಡಿದು ಎಳೆಯುತ್ತಾಳೆ, ಅವಳ ಬೆರಳ ತುಂಬ ಅಂಟು ಒಣಗಿ ಸಿಪ್ಪೆ ಎದ್ದಿದೆ, ನಾನು ಬಸದಿಯನ್ನೇ ನೋಡುತ್ತಿದ್ದೆ, ಬಸದಿ ಚೆನ್ನಾಗಿದೆ, ಬಸದಿಗೂ ನನಗೂ ಯಾವ ತಂಟೆಯೂ ಇಲ್ಲ, ಅಲ್ಲೇ ನಿಂತಿದ್ದರೆ ಆಗುತ್ತಿತ್ತು, ಆದರೆ ಮಗಳು ಎಳೆದರೆ ಹೋಗದೆ ಇರಲಾಗುತ್ತದೆಯೇ, ಹೋದೆ, ಬಗ್ಗಿದೆ, ಓಣಿಯ ಎಡಕ್ಕೆ ನಮ್ಮ ಮನೆ, ಗಿಡ್ಡ ಬಾಗಿಲು, ಬಗ್ಗದೆ ಒಳಗೆ ಹೋದವರ ಹಣೆ ಒಡೆಯುತ್ತಿದ್ದ ಬಾಗಿಲು, ಈಗ ಆ ಜಾಗದಲ್ಲಿ ನನ್ನ ತಮ್ಮ ಶಫೀಕನ ಟೈಲ್ಸ್ ಅಂಗಡಿ ಇದೆ, ಬಲಕ್ಕೆ ಅದರ ನೇರ ಎದುರು ಗುರುಸಿದ್ದವ್ವನ ಮಾಳಿಗೆ ಮನೆ, ಈಗ ಆ ಜಾಗದಲ್ಲಿ ರಸ್ತೆ ಇದೆ. ಆ ಮನೆಗೆ ಆನೆ ಹೋಗುವಂಥ ಬಾಗಿಲು. ಅದರ ಮುಂದೆ ಕಟ್ಟೆ, ಬೆರಳಿನಷ್ಟು ಅಗಲದ ಕಾಗದದ ಕಟ್ಟೆ, ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ ಸಹ ಅಂಟಿಸಿದ್ದಾಳೆ, ಕಂಡ ಕೂಡಲೇ ಕಣ್ಣು ಹೊರಳಿಸಿದೆ, ಮೇಲೆ ಫ್ಯಾನು ನೋಡಿದೆ, ರುಹೀ ಆ ಫ್ಯಾನ್ ಬಂದ್ ಮಾಡಿಸವ್ವಾ ಅಂದೆ.

ಕಟ್ಟೆ ಯಾಕೆ ಇತ್ತೆಂದು ಈ ಸಭಾಂಗಣದಲ್ಲಿ ನನ್ನಷ್ಟು ಗೊತ್ತಿರುವವರು ಯಾರೂ ಇಲ್ಲ, ಮೊಹರಮ್ಮಿಗೆ ಅಬ್ಬಾ ತಾಬೂತು ಕಟ್ಟುತ್ತಿದ್ದ, ಬಿದಿರು ಸೀಳಿ ಹಂದರ ಮಾಡಿ ಅದಕ್ಕೆ ಬಣ್ಣದ ಕಾಗದ ಹಚ್ಚಿ, ನಾಲ್ಕು ಮಿನಾರು, ನಡುವೆ ಗುಮ್ಮಟ, ಕಿಟಕಿಗೆಲ್ಲ ಕತ್ತರಿಯಲ್ಲಿ ತೆಗೆದ ಜಾಳಿಗೆ, ಆಳೆತ್ತರದ ಮೇಲೆ ಇನ್ನೊಂದು ಮೊಳ, ನಮ್ಮ ಗುಡಿಸಲಂಥ ಮನೆಯಲ್ಲಿ ಅದು ಎಲ್ಲಿ ನಿಂತೀತು, ಅದಕ್ಕೆ ಬಕ್ರೀದು ಮುಗಿದ ಕೂಡಲೇ ಗುರುಸಿದ್ದವ್ವನ ಗಂಡ ಅಂದಪ್ಪ ಕಾಕಾ ತನ್ನ ಪಡಸಾಲೆಯ ಜೋಳದ ಚೀಲಗಳನ್ನು ಒಳಗೆ ಸರಿಸಿ ಜಾಗ ಮಾಡಿಕೊಡುತ್ತಿದ್ದ, ತಾಬೂತು ಅಲ್ಲಿಯೇ ಬೆಳೆಯುತ್ತಿತ್ತು, ನನಗೆ ಅಲ್ಲಿಯೇ ಊಟ, ಅಲ್ಲಿಯೇ ಕಾಗದ ಕತ್ತರಿಸುವುದು, ಕತ್ತರಿಸೋ ಮುಂದ ಉಸಿರು ಹಿಡೀಲೇ, ಉಸಿರು ಬಿಟ್ಟಿ ಅಂದ್ರ ಗೆರಿ ಸೊಟ್ಟ ಬರತೈತಿ ಎಂದು ಅಬ್ಬಾ ತಲೆಯ ಮೇಲೆ ಮೊಟಕುತ್ತಿದ್ದ, ಗುರುಸಿದ್ದವ್ವ ಬಂದು ಹೋಗಲಿ ಬಿಡೋ ಸಾಬಾ, ಕೂಸು ಅದು ಎಂದು ರೊಟ್ಟಿಯ ತುಂಡನ್ನು ನನ್ನ ಬಾಯಿಗೆ ತುರುಕುತ್ತಿದ್ದಳು, ಅಂಟಿನ ಕೈ ನನ್ನದು, ಬಾಯಿಗೆ ಇಡಬೇಕಾದವಳು ಅವಳೇ. ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಗುಮ್ಮಟ ಬಾಗಿಲಿನ ಮೇಲಿನ ತೊಲೆಗೆ ಬಡಿದು ಹರಿಯಿತು, ಹೊರಗೆ ಹಲಗೆ ಬಾರಿಸುವವರು ನಿಂತಿದ್ದಾರೆ, ಒಳಗೆ ಅಬ್ಬಾ ಹರಿದ ಗುಮ್ಮಟ ಹಿಡಿದುಕೊಂಡು ಕೂತು ಅಳುತ್ತಿದ್ದಾನೆ, ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಕಂಡದ್ದು ಅದೇ ಮೊದಲು, ಮರುವಾರವೇ ಅಂದಪ್ಪ ಕಾಕಾ ಗೌಂಡಿಯನ್ನು ಕರೆಸಿದ, ಬಾಗಿಲು ಎರಡು ಅಡಿ ಎತ್ತರವಾಯಿತು, ಓಣಿಯ ಮಂದಿ ನಕ್ಕರು, ಏನ್ರಿ ಅಂದಪ್ಪನವರ, ಒಂಟಿ ತರಾವರೇನು ಅಂದರು, ಬಾಗಲಾ ಗಿಡ್ಡ ಆದ್ರ ಬಾಗಲಾ ಎತ್ತರಿಸಬೇಕ್ರಿಪಾ, ದೇವರನ್ನ ಗಿಡ್ಡ ಮಾಡಾಕ ಬರ್ತೈತೇನು, ಅಂದ ಕಾಕಾ. ಗೌಂಡಿ ಬಂದದ್ದು ಬಂದಾನ ಎಂದು ತಾಬೂತು ಹೊರಬಂದ ಕೂಡಲೇ ಇಳಿಸಲಿಕ್ಕೆ ಬಾಗಿಲ ಮುಂದೆ ಆ ಕಟ್ಟೆಯನ್ನೂ ಕಟ್ಟಿಸಿದ, ಹೆಂಗಸರು ಅಲ್ಲಿ ಸಕ್ಕರೆಗೆ ಫಾತೆಹಾ ಓದಿಸುತ್ತಿದ್ದರು, ಹರಕೆಯ ಕೂಸುಗಳನ್ನು ತಾಬೂತಿನ ಕೆಳಗೆ ದಾಟಿಸುತ್ತಿದ್ದರು, ಉಳಿದ ಹನ್ನೊಂದು ತಿಂಗಳು ಅದು ನಮ್ಮಂಥ ಹುಡುಗರು ಕೂರುವ ಕಟ್ಟೆ. ನಮ್ಮಪ್ಪನ ಸಲುವಾಗಿ ಕಟ್ಟಿದ ಕಟ್ಟೆ ಅದು, ಅಷ್ಟೇ.

ಇದು ಯಾವಾಗಿಂದು ಎಂದು ಹನ್ನೊಂದು ವರ್ಷದ ಹಿಂದೆ ಎಂಜಿನಿಯರ ಸಾಹೇಬ ಕೇಳಿದ, ಟೇಪಿನ ಒಂದು ತುದಿ ಅವನ ಆಳಿನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ, ರಸ್ತೆ ಅಗಲ ಮಾಡುವ ನಕಾಶೆಯ ಕೆಲಸ, ಸಾಹೇಬ ಹೊರಗಿನವನು, ಬಿಸಿಲಿಗೆ ಬೇಸತ್ತವನು, ನಾನು ನಕಾಶೆ ಬರೆಯುವವನು, ಅಬ್ಬಾ ಕಲಿಸಿದ ಕೈ ಇದು, ಗೆರೆ ಸೊಟ್ಟ ಬರದ ಕೈ, ಅದಕ್ಕೇ ಕೆಲಸ ಸಿಕ್ಕಿದ್ದು — ಊರಿಗೆ ಊರೇ ಬೆಳೆಯುತ್ತಿತ್ತು, ಯಳವತ್ತಿ ದಾರಿಯ ಹೊಲಗಳಲ್ಲಿ ಬಿಳಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದರು, ಲಾರಿಗಳು ಪೇಟೆಯೊಳಗೆ ಸಿಕ್ಕಿಕೊಂಡು ಒದರುತ್ತಿದ್ದವು, ರಸ್ತೆ ಬೇಕಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ, ರಸ್ತೆ ಯಾರಿಗೆ ಬೇಡ, ಓಣಿಯ ನಡು ಹಿಡಿದು ಎರಡೂ ಕಡೆಗೆ ಸಮಸಮ ಅಳೆಯಬೇಕು ಎಂದು ಆದೇಶ, ನಡು ಎಂದರೆ ಎಲ್ಲಿಂದ ಎಲ್ಲಿಗೆ ನಡು, ಕಟ್ಟೆಯ ಅಂಚಿನಿಂದ ಅಳೆದರೆ ಗುರುಸಿದ್ದವ್ವನ ಕಟ್ಟೆ ಹೋಗುತ್ತದೆ, ಗೋಡೆ ಉಳಿಯುತ್ತದೆ, ಎದುರಿಗೆ ಶಫೀಕನ ಹೊಸ ಅಂಗಡಿಯ ಮುಖ ಎರಡು ಅಡಿ ಹೋಗುತ್ತದೆ, ಕಟ್ಟೆ ಲೆಕ್ಕಕ್ಕಿಲ್ಲ ಎಂದು ಗೋಡೆಯಿಂದ ಅಳೆದರೆ ನಡುವೇ ಎರಡು ಅಡಿ ಅವಳ ಕಡೆ ಸರಿಯುತ್ತದೆ, ಶಫೀಕನ ಅಂಗಡಿ ಉಳಿಯುತ್ತದೆ, ಗುರುಸಿದ್ದವ್ವನ ಗೋಡೆ ಹೋಗುತ್ತದೆ. ಹಿಂದಿನ ದಿನ ಶಫೀಕ ಚಹಾ ತರಿಸಿ ಹೇಳಿದ್ದ, ಭಾಯಿ, ಎರಡಽ ಫೂಟಿನ ಮಾತು, ಶಟರ್ ಮೊನ್ನೆ ಕುಂದ್ರಿಸೀನಿ, ನೀ ಮನಸು ಮಾಡಿದ್ರ ಆತು, ನಾನು ನಕ್ಕಿದ್ದೆ, ಹಾಂಗೆಲ್ಲ ಬರಂಗಿಲ್ಲೋ ಅಂದಿದ್ದೆ, ಖರೇನೇ ಬರಂಗಿಲ್ಲ ಎಂದುಕೊಂಡೇ ಬೆಳಿಗ್ಗೆ ಟೇಪು ಹಿಡಿದಿದ್ದೆ, ಗುರುಸಿದ್ದವ್ವ ಮನೆಯಲ್ಲಿರಲಿಲ್ಲ, ಅಂತೂರ ಬೆಂತೂರಿಗೆ ತಂಗಿಯ ಮೊಮ್ಮಗನ ತೊಟ್ಟಿಲಿಗೆ ಹೋಗಿದ್ದಳು, ಕಾಕಾ ತೀರಿಕೊಂಡು ಆಗಲೇ ಆರು ವರ್ಷ, ಅಬ್ಬಾ ತೀರಿಕೊಂಡು ಒಂಬತ್ತು, ಓಣಿಯಲ್ಲಿ ತಾಬೂತು ನಿಂತೇ ಹೋಗಿತ್ತು, ಕಟ್ಟೆಯ ಮೇಲೆ ಯಾರದೋ ಹಸಿ ಶೇಂಗಾ ಹರವಿತ್ತು, ಸಾಹೇಬ ಬೂಟಿನಿಂದ ಕಟ್ಟೆಯನ್ನು ತಟ್ಟಿ ಕೇಳಿದ, ಇದು ಯಾವಾಗಿಂದು. ಇದಾ ಸರ್, ಇದು ಈಚಿನದು, ರಸ್ತೆದಾಗ ಒತ್ತಿ ಕಟ್ಟ್ಯಾರ.

ಎಷ್ಟು ಸಲೀಸಾಗಿ ಬಂತು ಆ ಮಾತು, ನಾಲಿಗೆ ತಡವರಿಸಲಿಲ್ಲ, ಸಾಹೇಬ ಹೂಂ ಅಂದ, ಮುಂದಿನ ಮನೆಗೆ ಹೋದ, ನಾನು ನಕಾಶೆಯಲ್ಲಿ ಕಟ್ಟೆಯನ್ನು ಬರೆಯಲೇ ಇಲ್ಲ, ಬರೆಯದೆ ಇರುವುದು ಎಷ್ಟು ಸುಲಭ, ಸುಳ್ಳು ಗೆರೆ ಎಳೆದಿದ್ದರೆ ಕೈ ನಡುಗುತ್ತಿತ್ತೋ ಏನೋ, ಗೆರೆಯೇ ಎಳೆಯದಿದ್ದರೆ ನಡುಗುವುದಾದರೂ ಏನು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ, ನಾನು ಎಣಿಸಿಯೂ ಎಣಿಸಿದೆ, ಬೀಳುವ ಮನೆಗಳ ಪಟ್ಟಿಗೆ ಬೇಕಿತ್ತು, ಪಡಸಾಲೆಯಲ್ಲಿ ಕತ್ತೆತ್ತಿ ನಿಂತು ಹದಿನೇಳು ಜಂತೆ ಎಂದು ಬರೆದುಕೊಂಡೆ, ಮುಂದಿನ ಗೋಡೆ ಕೆಡವಿದಾಗ ಅದರ ಮೇಲೆ ಕೂತ ತೊಲೆ ಇಳಿಯಿತು, ತೊಲೆಯ ಹಿಂದೆ ಹದಿನೇಳೂ ಇಳಿದವು, ಎರಡು ಅಡಿಯ ಮಾತು ಎಂದಿದ್ದ ಶಫೀಕ, ಮಾಳಿಗೆ ಮನೆಗೆ ಎರಡು ಅಡಿಯ ಮಾತು ಗೊತ್ತಾಗುವುದಿಲ್ಲ, ಮುಂದಿನದು ಬಿದ್ದರೆ ಹಿಂದಿನದೂ ಕೂರುತ್ತದೆ. ಆಮೇಲೆ ಅವಳು ನನ್ನ ಹತ್ತಿರವೇ ಬಂದಳು, ಇನ್ನಾರ ಹತ್ತಿರ ಹೋಗಬೇಕು, ಜಹಾಂಗೀರಾ, ನೀ ಓದಿದಾಂವ, ಒಂದು ಅರ್ಜಿ ಬರಕೊಡಪಾ, ಎಲ್ಲೆರ ಒಂದು ತುಂಡು ಜಾಗ ಕೊಡ್ಲಿ, ನಾನು ಬರೆದೆ, ನನ್ನ ಚೆಂದದ ಅಕ್ಷರದಲ್ಲಿ ಬರೆದೆ, ಮಾನ್ಯರೇ ಎಂದು ಶುರುಮಾಡಿ ಬರೆದೆ, ಕಚೇರಿಗೆ ಮೂರು ಸಲ ಓಡಾಡಿದೆ, ಊರಾಚೆ ಎರಡು ಖೋಲಿಯ ಮನೆ ಸಿಕ್ಕಿತು, ಸಿಕ್ಕ ದಿನ ಅವಳು ನನ್ನ ಎರಡೂ ಕೆನ್ನೆ ಹಿಡಿದು ದೃಷ್ಟಿ ತೆಗೆದಳು, ಲಟಿಕೆ ಮುರಿದಳು, ನಿಮ್ಮಪ್ಪನ ಮಗಾ ಅಲ್ಲೇನೋ ನೀ, ಅಂವ ಇದ್ದಿದ್ರೂ ಇದನ್ನ ಮಾಡ್ತಿದ್ದ ಅಂದಳು. ಆ ಮಾತಿನ ಮೇಲೆ ನಾನು ಊರು ಬಿಟ್ಟೆ, ಬೆಟಗೇರಿಯಲ್ಲಿ ಮನೆ ಮಾಡಿದೆ, ಮಂದಿ ಕೇಳಿದರೆ ಮಗಳ ಓದಿನ ಸಲುವಾಗಿ ಅಂದೆ, ಆಗ ರುಹಿ ಇನ್ನೂ ಶಾಲೆಗೆ ಸೇರುವ ಕೂಸು.

ಪಪ್ಪಾ, ಕೇಳ್ತೀಯಿಲ್ಲೋ, ನಂದೊಂದು ಫಜೀತಿ ಆಗೈತಿ — ಕೇಳುತ್ತೇನೆ, ಕೇಳುತ್ತೇನೆ, ಫ್ಯಾನು ನಿಂತಿದೆ, ಶಿಖರವೂ ನಿಂತಿದೆ, ರುಹಿ ಮಂಡಿಯೂರಿ ಕಣ್ಣನ್ನು ಓಣಿಯ ಮಟ್ಟಕ್ಕೆ ಇಳಿಸಿದ್ದಾಳೆ, ಇಡೀ ಊರಿನ ಕೆಳಗೆ ಹಾಸಿದ ಹಾಳೆ ಯಾವುದು ಹೇಳು ಅನ್ನುತ್ತಾಳೆ, ನೋಡುತ್ತೇನೆ, ಬಿಳಿ ಹಾಳೆ, ಕಪ್ಪು ಗೆರೆ, ನನ್ನ ಗೆರೆ, ಅಟ್ಟದ ಮೇಲೆ ಸುರುಳಿ ಸುತ್ತಿ ಇಟ್ಟದ್ದು, ಪ್ರೆಸ್ಸಿನಾಗ ಕೊಟ್ಟು ದೊಡ್ಡದು ಮಾಡಿಸೀನಿ ಪಪ್ಪಾ, ನಿನಗ ಸರ್‌ಪ್ರೈಸ್ ಇರಲಿ ಅಂತ ಹೇಳಿರಲಿಲ್ಲ, ನಿನ್ನ ನಕಾಶಿ ಮ್ಯಾಲೆ ಆಯಿ ಹೇಳಿದ ಮನಿ ಕುಂದರ್ಸೀನಿ, ಎಲ್ಲಾ ಮನಿ ಕುಂತಾವು, ಆಯಿ ಮನಿ ಒಂದ ಕುಂದ್ರವಲ್ಲದು, ನೋಡು, ಕಟ್ಟಿ ರಸ್ತಾದಾಗ ಬರಾಕತ್ತೈತಿ. ಆಯಿ ಎಂದರೆ ಗುರುಸಿದ್ದವ್ವ, ನನ್ನ ಮಗಳಿಗೆ ಅವಳು ಆಯಿ. ಎರಡು ಮೊಳ, ಮ್ಯಾಲೊಂದು ಗೇಣು ಅಂತ ಕೈಲೆ ಅಳದು ತೋರಿಸಿದ್ಲು, ಕಣ್ಣು ಕಾಣಂಗಿಲ್ಲ ಅಕಿಗೆ, ವಯಸ್ಸಾತು, ಯಾವುದೋ ಮನಿ ಕಟ್ಟಿ ಯಾವುದಕ್ಕೋ ಹಚ್ಚಿರಬೇಕು, ನಕಾಶಿದಾಗ ಕಟ್ಟೀನ ಇಲ್ಲ, ನೀ ತಗದ ನಕಾಶಿ ತಪ್ಪಿರತೈತೇನು. ಎಂಥ ನಂಬಿಕೆಯಿಂದ ಅನ್ನುತ್ತಾಳೆ, ನೀ ತಗದ ನಕಾಶಿ, ಮುದುಕಿಯ ಗೇಣಿಗಿಂತ ಅಪ್ಪನ ಗೆರೆ ದೊಡ್ಡದು ಅವಳಿಗೆ, ನಾನೇ ಬೆಳೆಸಿದ ನಂಬಿಕೆ, ಸಣ್ಣವಳಿದ್ದಾಗ ನನ್ನ ನಕಾಶೆಗಳನ್ನು ಹಾಸಿಕೊಂಡು ಮಲಗುತ್ತಿದ್ದಳು.

ಈಗ ಹೇಳಬೇಕು. ಹೇಳುವುದಾದರೆ ಈಗಲೇ, ಇಲ್ಲಿ ಬೇರೆ ಯಾರೂ ಇಲ್ಲ, ಕುರ್ಚಿ ಹಾಕುವ ಯಮನೂರಪ್ಪನೊಬ್ಬ ಆ ತುದಿಗೆ ಇದ್ದಾನೆ, ಅವನಿಗೆ ಕೇಳಿಸುವುದಿಲ್ಲ, ರುಹೀ, ಕಟ್ಟಿ ಇತ್ತವ್ವಾ, ನಿಮ್ಮ ಅಜ್ಜನ ಸಲುವಾಗಿ ಕಟ್ಟಿದ್ದು, ನಾನೇ ಬಿಟ್ಟೆ — ಅಷ್ಟೇ, ಒಂದೇ ಉಸಿರಿನ ಮಾತು, ಬಾಯಿ ತೆರೆಯುತ್ತೇನೆ, ಅವಳ ಮುಖ ನೋಡುತ್ತೇನೆ, ಹಣೆಯ ಮೇಲೆ ಒಂದು ಕಾಗದದ ಚೂರು ಅಂಟಿಕೊಂಡಿದೆ, ನೀಲಿ ಚೂರು, ನಾಲ್ಕು ದಿನದಿಂದ ಸರಿಯಾಗಿ ಊಟವಿಲ್ಲ ಹುಡುಗಿಗೆ, ಇವತ್ತು ಇವಳ ದಿನ, ಇವಳ ದಿನ ಯಾಕೆ ಕೆಡಿಸಬೇಕು, ಮನೆಗೆ ಹೋದ ಮೇಲೆ ಹೇಳಿದರಾಯಿತು, ನೋಡು ಮನಸ್ಸು ಹೇಗೆ ಮಗಳ ಸೆರಗಿನ ಹಿಂದೆ ಅಡಗುತ್ತದೆ, ಕಳ್ಳನ ಮನಸ್ಸು ಹುಳ್ಳುಳ್ಳಗೆ, ಮತ್ತು ಅಷ್ಟರಲ್ಲಿ ಅವಳು ಬ್ಲೇಡು ತೆಗೆದು ನನ್ನ ಕೈಗೆ ಇಡುತ್ತಾಳೆ, ಈ ಕಟ್ಟಿ ನೀನ ಕತ್ತರಿಸು ಪಪ್ಪಾ, ನನ್ನ ಕೈ ನಡಗಾಕತ್ತೈತಿ, ಸೊಟ್ಟ ಹೋದ್ರ ಬಾಗಲಾ ಹರಿತೈತಿ, ಇನ್ನ ಅರ್ಧ ತಾಸಿನ್ಯಾಗ ಮಂದಿ ಬರ್ತಾರ. ಬ್ಯಾಡವ್ವಾ, ಇರಲಿ ಬಿಡು ಎಂದೆ, ಅಂದದ್ದು ನಿಜ, ಅಷ್ಟಾದರೂ ಅಂದೆ, ಇರಲಿ ಅಂದ್ರ ಹ್ಯಾಂಗ ಪಪ್ಪಾ, ನೀನ ಹೇಳ್ತಿದ್ದಿ, ನಕಾಶಿ ಅಂದ್ರ ಖರೆ ಇರಬೇಕು ಅಂತ, ಜಲ್ದಿ ಮಾಡು. ಬಗ್ಗಿದೆ. ಬಾಗಿಲು ಕಣ್ಣಿನ ಮುಂದೆ, ಅಂದಪ್ಪ ಕಾಕಾ ಎತ್ತರಿಸಿದ ಬಾಗಿಲು, ಒಳಗೆ ಪಡಸಾಲೆ ಸಹ ಮಾಡಿದ್ದಾಳೆ, ಪಡಸಾಲೆಯಲ್ಲಿ ಕಾಳಿನಷ್ಟು ಒಂದು ಹಸಿರು ಗುಮ್ಮಟ, ಉಸಿರು ಹಿಡಿದೆ, ಬ್ಲೇಡಿನ ಮೂಲೆಯನ್ನು ಹೊಸ್ತಿಲಿಗೆ ಒತ್ತಿ ಇಟ್ಟೆ, ಎಳೆದೆ, ಗೆರೆ ಒಂದಿಷ್ಟೂ ಸೊಟ್ಟ ಬರಲಿಲ್ಲ, ಐವತ್ತಮೂರು ವರ್ಷದ ಕೈ ಎಳ್ಳಷ್ಟೂ ನಡುಗಲಿಲ್ಲ, ಒಂದು ಸಲ ನಡುಗಬಾರದಿತ್ತೇ, ಕಟ್ಟೆ ಬಿಟ್ಟುಬಂತು, ಅಂಗೈಯಲ್ಲಿ ಬಿತ್ತು, ಹಗುರ, ಅಂಟಿನ ಹಸಿ ಇನ್ನೂ ಆರಿರಲಿಲ್ಲ, ರುಹಿ ಚಪ್ಪಾಳೆ ಹೊಡೆದಳು, ಈಗ ನೋಡು, ಎಷ್ಟ ಛಂದ ಕುಂತತಿ ಅಂದಳು.

ಬಂದರು. ಶಫೀಕನ ಕಾರಿನ ಹಾರನ್ನು, ಮುದುಕಿಯನ್ನು ಅವನೇ ಕರೆತರುತ್ತೇನೆಂದು ಹೇಳಿದ್ದ, ಬಿಳಿ ಅಂಗಿ, ಕೈಯಲ್ಲಿ ಹಾರದ ಪೊಟ್ಟಣ, ಅವನ ತೋಳಿಗೆ ಜೋತು ಗುರುಸಿದ್ದವ್ವ, ಎಷ್ಟು ಸಣ್ಣವಳಾಗಿದ್ದಾಳೆ, ಇಳಕಲ್ಲ ಸೀರೆಯೊಂದೇ ನಡೆದು ಬಂದ ಹಾಗೆ, ಬರ್ರಿ ಆಯೀ, ಕುಂದರ್ರಿ ಎಂದು ರುಹಿ ಕುರ್ಚಿ ಎಳೆದಳು, ಮುದುಕಿ ಕೂರಲಿಲ್ಲ, ಗಾಳಿಯಲ್ಲಿ ಮೂಗೆತ್ತಿದಳು, ಅಂಟಿಗೆ ಮೈಲುತುತ್ತ ಹಾಕೀಯಲ್ಲವ್ವಾ, ಶಾಣ್ಯಾಕಿ ಅಂದಳು, ಜಹಾಂಗೀರ ಬಂದಾನಿಲ್ಲೋ, ಇಲ್ಲೇ ಅದೀನಿ ಚಿಗವ್ವ, ನನ್ನ ದನಿ ಎಲ್ಲಿಂದ ಬಂತೋ, ಅವಳು ದನಿ ಬಂದ ಕಡೆಗೆ ಕೈ ಚಾಚಿದಳು, ಬಲಗೈ ಕೊಡಬೇಕಿತ್ತು, ಬಲಗೈ ಮುಷ್ಟಿಯಾಗಿತ್ತು, ಎಡಗೈ ಕೊಟ್ಟೆ, ಹಿರಿಯರಿಗೆ ಯಾರಾದರೂ ಎಡಗೈ ಕೊಡುತ್ತಾರೆಯೇ, ಅವಳು ಅದನ್ನೇ ಹಿಡಿದುಕೊಂಡಳು, ನನ್ನ ಮನಿ ತೋರಸು ಬಾ ಅಂದಳು. ಕಣ್ಣು ಕಾಣದವರಿಗೆ ಏನು ತೋರಿಸುವುದು, ರುಹಿಯೇ ಅವಳ ತೋರುಬೆರಳು ಹಿಡಿದು ಓಣಿಯಲ್ಲಿ ನಡೆಸಿದಳು, ಇದು ನಮ್ಮ ಮನಿ ಆಯೀ, ಹಾಂ, ಗಿಡ್ಡ ಬಾಗಲಾ, ಇದು ನಿಮ್ಮದು, ಬೆರಳು ಗೋಡೆಯನ್ನು ಹತ್ತಿತು, ಬಾಗಿಲಿನ ಎತ್ತರ ಸವರಿ ಅಲ್ಲಿಯೇ ಒಂದು ಗಳಿಗೆ ನಿಂತಿತು, ಅವರು ಎತ್ತರಿಸಿದ್ದು, ಅಂದಳು, ಯಾರಿಗೂ ಅಲ್ಲ, ಆಮೇಲೆ ಬೆರಳು ಇಳಿಯಿತು, ಹೊಸ್ತಿಲಿಗೆ ಬಂತು, ದಾಟಿತು.

ಏನೂ ಇರಲಿಲ್ಲ. ಬೆರಳು ಹೊಸ್ತಿಲಿನಿಂದ ಜಾರಿ ನನ್ನ ನಕಾಶೆಯ ಹಾಳೆಯ ಮೇಲೆ ಬಿತ್ತು, ಅವಳು ಸಣ್ಣಗೆ ಬೆಚ್ಚಿದಳು, ಮೆಟ್ಟಿಲು ಇದೆಯೆಂದು ಕಾಲಿಟ್ಟವರು ಬೆಚ್ಚುವ ಹಾಗೆ, ಕಟ್ಟಿ ಎಲ್ಲೈತೆವ್ವಾ. ಕಟ್ಟಿ ಇಲ್ಲ ಆಯೀ, ನಿಮಗ ಮರೆವು ಆಗಿತ್ತು, ನಕಾಶಿದಾಗ ನೋಡಿ ಪಪ್ಪಾ ಸರಿ ಮಾಡ್ಯಾನ. ಶಫೀಕ ನನ್ನ ಮುಖ ನೋಡಿದ, ಪುಣ್ಯಾತ್ಮ, ಅಷ್ಟರಮಟ್ಟಿಗೆ ನೆನಪು ಇಟ್ಟಿದ್ದಾನೆ, ನೋಡಿ ಕಿಸೆಯಿಂದ ಮೊಬೈಲು ತೆಗೆದ. ಗುರುಸಿದ್ದವ್ವ ಕತ್ತು ನನ್ನ ಕಡೆಗೆ ತಿರುಗಿಸಿದಳು, ಬಿಳಿ ಪೊರೆ ಬಂದ ಎರಡು ಕಣ್ಣು, ಜಹಾಂಗೀರಾ, ಕಟ್ಟಿ ಇತ್ತಲ್ಲೋ. ಹೌದು ಅನ್ನಬೇಕು, ಎರಡಕ್ಷರ, ಮುಷ್ಟಿಯಲ್ಲಿ ಕಟ್ಟೆ ಬೆವರಿಗೆ ನೆನೆದು ಅಂಗೈಗೆ ಹತ್ತಿಕೊಂಡಿದೆ, ಮುಷ್ಟಿ ಬಿಚ್ಚಿದರೆ ಸಾಕು, ಮಾತೂ ಬೇಡ, ಬಾಗಿಲಲ್ಲಿ ಮಂದಿ ಬರುತ್ತಿದ್ದಾರೆ, ರುಹಿ ನಗುತ್ತ ನೋಡುತ್ತಿದ್ದಾಳೆ — ನನಗ ನೆನಪಿಲ್ಲ ಚಿಗವ್ವ. ಹೌದೇನಪಾ, ಅಂದಳು ಅವಳು, ನನ್ನ ಎಡಗೈ ಸವರಿದಳು, ಎಷ್ಟ ವರ್ಷಾತು ಬಿಡು, ನಿನಗ ಹ್ಯಾಂಗ ನೆನಪಿರತೈತಿ, ನಂದಽ ಅರಳು ಮರಳು, ಇದ್ದಿದ್ದಿಲ್ಲೇನೋ ಹಂಗಾರ — ಬಾಯಿ ಹೀಗೆ ಅನ್ನುತ್ತಿದೆ, ಬೆರಳು ಒಪ್ಪುತ್ತಿಲ್ಲ, ಬೆರಳು ಹಿಂದಕ್ಕೆ ಹೋಯಿತು, ಹೊಸ್ತಿಲು ಮುಟ್ಟಿತು, ಮತ್ತೆ ಮುಂದೆ ಬಂತು, ಹಾಳೆಯ ಮೇಲೆ ಬಿತ್ತು, ಮತ್ತೆ ಹೊಸ್ತಿಲು, ಮತ್ತೆ ಮುಂದೆ, ಒಂದು ಬೆರಳಿನಗಲದ ಜಾಗ ತಡವುತ್ತ ಬೆರಳು, ಯಾರಾದರೂ ಆ ಬೆರಳು ಹಿಡಿಯಬಾರದೇ, ಹೊಸ್ತಿಲು, ಹಾಳೆ, ಬೆರಳು, ಸುಕ್ಕಾದ ಒಂದು ಬೆರಳು, ಹೊಸ್ತಿಲು, ಹೊಸ್ತಿಲಿನ ಮುಂದೆ ಬೆರಳು